ಸಾಲದ ಸುದ್ದಿ ಬಂತು ಅಂದರೆ ಟೆಂಡರ್ ಬಂತು ಅಂತಲ್ಲ

'ಉಜ್ಬೇಕಿಸ್ತಾನಕ್ಕೆ ಅಭಿವೃದ್ಧಿ ಬ್ಯಾಂಕಿನಿಂದ ಕೋಟಿಗಟ್ಟಲೆ ಡಾಲರ್ ಸಾಲ' ಅಂತ ಎಲ್ಲಾದರೂ ಸುದ್ದಿ ಬಂದರೆ ಸಾಕು, ನನ್ನ ಫೋನಿಗೆ ಅದರ ಸ್ಕ್ರೀನ್‌ಶಾಟ್ ಬಂದು ಬೀಳುತ್ತದೆ. ಕಳಿಸುವವರು ಹೆಚ್ಚಾಗಿ ಪಂಪು, ಕೇಬಲ್, ಟ್ರಾನ್ಸ್‌ಫಾರ್ಮರ್ ತಯಾರಿಸುವ ಸಣ್ಣ ಕಾರ್ಖಾನೆಗಳವರು. ಎಲ್ಲರದೂ ಒಂದೇ ಪ್ರಶ್ನೆ: "ಸರ್, ಇಷ್ಟು ದುಡ್ಡು ಬಂದಿದೆಯಲ್ಲ, ಟೆಂಡರ್ ಯಾವಾಗ?" ಎಷ್ಟೋ ಸಲ ಆ ಸಾಲಕ್ಕೆ ಟೆಂಡರೇ ಇರುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ.

ರಸ್ತೆಗೆ, ನೀರಿನ ಪೈಪಿಗೆ, ವಿದ್ಯುತ್ ಲೈನಿಗೆ ಅಂತ ಕೊಡುವ ಸಾಲ ನಿಮಗೆಲ್ಲ ಗೊತ್ತು. ಅದರಲ್ಲಿ ಸಾಮಾನು ಕೊಳ್ಳುತ್ತಾರೆ, ಟೆಂಡರ್ ಕರೆಯುತ್ತಾರೆ. ಅಲ್ಲೂ ಸಹಿಯಾದ ದಿನ ದುಡ್ಡು ಬರುವುದಿಲ್ಲ; ಕೆಲಸ ನಡೆದಂತೆ ಕಂತಿನಲ್ಲಿ ಬಿಡುಗಡೆ ಆಗುತ್ತದೆ. ಬಳಸದೆ ಉಳಿದ ಮೊತ್ತಕ್ಕೂ ಆ ದೇಶ ಶುಲ್ಕ ಕಟ್ಟಬೇಕು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಮಾಮೂಲಿ ಸಾಲದಲ್ಲಿ ಅದು ವರ್ಷಕ್ಕೆ ಶೇ 0.15. ಹತ್ತು ಕೋಟಿ ಡಾಲರ್ ಹಾಗೇ ಬಿದ್ದಿದ್ದರೆ ಒಂದೂವರೆ ಲಕ್ಷ ಡಾಲರ್ ಸುಮ್ನೆ ಹೋಯಿತು.

ಇನ್ನೊಂದು ಬಗೆ ಇದೆ, ನೀತಿ ಸಾಲ. ಎಡವುವುದೆಲ್ಲ ಇಲ್ಲೇ. ಇದರಲ್ಲಿ ಬ್ಯಾಂಕ್ ಯಾವ ಪಂಪಿಗೂ ದುಡ್ಡು ಕೊಡುವುದಿಲ್ಲ. ಸರ್ಕಾರ ಮೊದಲು ಕೆಲವು ಕಾನೂನು ಬದಲಿಸಬೇಕು, ಆದೇಶ ಹೊರಡಿಸಬೇಕು. ಅದು ಆದ ಮೇಲೆ ದುಡ್ಡು ನೇರ ಖಜಾನೆಗೆ ಹೋಗಿ ಬಜೆಟ್‌ನಲ್ಲಿ ಕರಗುತ್ತದೆ. ಪಿಂಚಣಿಗೂ ಹೋಗಬಹುದು, ಶಿಕ್ಷಕರ ಸಂಬಳಕ್ಕೂ ಹೋಗಬಹುದು. ಸುಧಾರಣೆ ಮೊದಲು, ಸಾಲ ಆಮೇಲೆ. ಇನ್ನೊಮ್ಮೆ ಹೇಳುತ್ತೇನೆ: ನೀವು ಸುದ್ದಿ ಓದುವ ಹೊತ್ತಿಗೆ ಆ ದುಡ್ಡಿಗೆ ಬದಲಾಗಿ ಆಗಬೇಕಾದ ಕೆಲಸ ಆಗಲೇ ಮುಗಿದಿರುತ್ತದೆ. ಹುಡುಕಬೇಕಾದ್ದು ಮೊತ್ತವನ್ನಲ್ಲ, ಆ ಕೆಲಸವನ್ನು.

2018ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಉಜ್ಬೇಕಿಸ್ತಾನಕ್ಕೆ ಒಪ್ಪಿದ 50 ಕೋಟಿ ಡಾಲರ್ ಇಂಥದ್ದೇ. ಈ ಬಗೆಯ ಸಾಲದ ಕಾಗದ ತೆರೆದರೆ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ ಸಾಮಾನಿನ ಪಟ್ಟಿ ಇರುವುದಿಲ್ಲ. ಸರ್ಕಾರ ಯಾವ ಆದೇಶವನ್ನು ಯಾವ ತಾರೀಕಿಗೆ ಹೊರಡಿಸಿತು ಅಂತ ಒಂದೊಂದೇ ಸಾಲು ಇರುತ್ತದೆ. ಆ ದೇಶದ ದೊಡ್ಡ ಸುಧಾರಣೆ ಅಂದರೆ ಡಾಲರ್ ಕೊಳ್ಳುವ, ಮಾರುವ ಕಟ್ಟುಪಾಡು ಸಡಿಲಿಸಿದ 2017ರ ಸೆಪ್ಟೆಂಬರ್ 2ರ ಅಧ್ಯಕ್ಷೀಯ ಆದೇಶ, ಸಂಖ್ಯೆ 5177. ಮೂರೇ ದಿನದಲ್ಲಿ ಡಾಲರಿನ ಅಧಿಕೃತ ದರ ಸುಮಾರು 4,210 ಸೋಮ್‌ನಿಂದ (ಸೋಮ್ ಅಂದರೆ ಅಲ್ಲಿನ ಕರೆನ್ಸಿ) 8,100ಕ್ಕೆ ಹೋಯಿತು.

ಮೊದಲು ಕರೆನ್ಸಿಗೇ ಕೈ ಹಾಕಿದ್ದು ಏಕೆ ಅಂತ ಕೇಳುತ್ತಾರೆ. ಆ ಆದೇಶಕ್ಕೆ ಮುಂಚೆ ಬೆಂಗಳೂರಿನ ಔಷಧಿ ರಫ್ತುದಾರರೊಬ್ಬರ ಕಡತ ನನ್ನ ಬಳಿ ಇತ್ತು. ಮಾತ್ರೆ ತಾಷ್ಕೆಂಟ್ ಮುಟ್ಟಿತ್ತು, ಮಾರಾಟವೂ ಆಗಿತ್ತು. ಕೊಂಡವರು ಪ್ರಾಮಾಣಿಕರು, ಪೂರ್ತಿ ಸೋಮ್ ಬ್ಯಾಂಕಿಗೆ ಕಟ್ಟಿದ್ದರು. ಆದರೆ ಅಧಿಕೃತ ದರದಲ್ಲಿ ಡಾಲರ್ ಸಿಗಲು ಸಾಲು ಕಾಯಬೇಕು, ತಿಂಗಳುಗಟ್ಟಲೆ. ಹೊರಗಿನ ಕಾಳಸಂತೆಯಲ್ಲಿ ದರ ಹೆಚ್ಚುಕಡಿಮೆ ಎರಡು ಪಟ್ಟು. ಇಲ್ಲಿ ನಮ್ಮವರು "ಅವನು ಮೋಸಗಾರ" ಅನ್ನುತ್ತಿದ್ದರು. ಪಾಪ, ಆತ ವಾರ ವಾರ ಬ್ಯಾಂಕ್ ರಸೀದಿಯ ಫೋಟೋ ಕಳಿಸುತ್ತಿದ್ದ. ಅಂಥ ಗಂಟು ಬಿಚ್ಚದೆ ಯಾವ ಬ್ಯಾಂಕ್ ಎಷ್ಟು ಕೊಟ್ಟರೂ ಹೊರಗಿನ ಹೂಡಿಕೆದಾರ ಬರುವುದಿಲ್ಲ. ಕೆಳಗಿನ ಮೆಟ್ಟಿಲು ಮೊದಲು ಕಟ್ಟಿದರು. ನನ್ನ ಪ್ರಕಾರ ಅದು ಸರಿಯಾದ ಕ್ರಮ. ಆದರೆ ಆಮದು ಸಾಮಾನಿನ ಬೆಲೆ ಏರಿ ಸಂಬಳದಾರರಿಗೆ ಕಷ್ಟವಾಯಿತು ಅನ್ನುವುದನ್ನೂ ಮರೆಯಬಾರದು.

"ಷರತ್ತೆಲ್ಲ ಕಾಗದದ ಮೇಲೆ ಅಷ್ಟೇ ಅಲ್ವಾ?" ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ. ಲಂಡನ್ನಿನಲ್ಲಿರುವ ಯುರೋಪಿನ ಪುನರ್‌ನಿರ್ಮಾಣ ಬ್ಯಾಂಕ್, ಅಂದರೆ ಇಬಿಆರ್‌ಡಿ, 2003ರಲ್ಲಿ ತನ್ನ ವಾರ್ಷಿಕ ಸಭೆಯನ್ನು ತಾಷ್ಕೆಂಟಿನಲ್ಲೇ ನಡೆಸಿತ್ತು. ರಾಜಕೀಯ, ಆರ್ಥಿಕ ಸುಧಾರಣೆ ಮುಂದೆ ಸಾಗದಿದ್ದಾಗ ಮರುವರ್ಷವೇ ಕೈ ಬಿಗಿ ಹಿಡಿಯಿತು. ಮತ್ತೆ ಪೂರ್ತಿಯಾಗಿ ಮರಳಿದ್ದು 2017ರಲ್ಲಿ. ಹತ್ತಿಯ ವಿಷಯದಲ್ಲೂ ಹಾಗೇ. ಶಿಕ್ಷಕರು, ದಾದಿಯರನ್ನು ಒತ್ತಾಯದಿಂದ ಹೊಲಕ್ಕೆ ಇಳಿಸುತ್ತಿದ್ದ ದೇಶ ಅದು. ವಿಶ್ವಬ್ಯಾಂಕ್ ಸಾಲದ ಜೊತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ಕೊಯ್ಲಿನ ಹೊತ್ತಿಗೆ ಹೊಲಗಳಿಗೆ ಹೋಗಿ ನೋಡಲಾರಂಭಿಸಿದರು. 2020ರಲ್ಲಿ ಸರ್ಕಾರ ಇಷ್ಟು ಹತ್ತಿ ಬೆಳೆದು ಕೊಡಲೇಬೇಕು ಅನ್ನುವ ಕಡ್ಡಾಯ ಕೋಟಾ ತೆಗೆಯಿತು. 2022ರಲ್ಲಿ ಅಲ್ಲಿನ ಹತ್ತಿ ಕೊಳ್ಳುವುದಿಲ್ಲ ಅಂತ ಹೊರಗಿನ ಕಂಪನಿಗಳು ಹಾಕಿದ್ದ ಬಹಿಷ್ಕಾರವೂ ಕೊನೆಯಾಯಿತು. ಇದೆಲ್ಲ ಬ್ಯಾಂಕಿನಿಂದಲೇ ಆಯಿತು ಅನ್ನುವಂತಿಲ್ಲ. ವರ್ಷಗಟ್ಟಲೆ ಹೊಲಕ್ಕೆ ಹೋಗಿ ಫೋಟೋ ತೆಗೆದ, ಪೆಟ್ಟು ತಿಂದ ಅಲ್ಲಿನ ಸಾಮಾನ್ಯ ಜನರ ಪಾಲು ದೊಡ್ಡದು.

ಹಾಗಾದರೆ ನಿಮ್ಮ ಕೇಬಲ್ ಯಾರು ಕೊಳ್ಳುತ್ತಾರೆ? ಸುಧಾರಣೆಯ ಹಿಂದೆಯೇ ಬರುವ ಖಾಸಗಿ ಯೋಜನೆಗಳವರು. ನವೋಯಿ ಪ್ರಾಂತದ 100 ಮೆಗಾವ್ಯಾಟ್ ಸೌರ ಸ್ಥಾವರ ನೋಡಿ. ಅಬುಧಾಬಿಯ ಮಸ್ದಾರ್ ಕಂಪನಿ 2019ರ ಹರಾಜಿನಲ್ಲಿ ಯೂನಿಟ್ಟಿಗೆ 2.679 ಸೆಂಟ್‌ಗೆ ಗೆದ್ದಿತು. ಇಬಿಆರ್‌ಡಿ ಮತ್ತು ಇತರರು ಸಾಲ ಕೊಟ್ಟರು, ವಿಶ್ವಬ್ಯಾಂಕ್ ಪಾವತಿಗೆ ಖಾತರಿ ನಿಂತಿತು. ಅಲ್ಲಿ ಸಾಮಾನು ಕೊಳ್ಳುವುದು ಸರ್ಕಾರವಲ್ಲ, ಕಂಪನಿಯ ಗುತ್ತಿಗೆದಾರ. ಸರ್ಕಾರಿ ಟೆಂಡರಿನ ಪುಟವನ್ನೇ ನೋಡುತ್ತಾ ಕೂತವರಿಗೆ ಇದು ಕಾಣಿಸುವುದೇ ಇಲ್ಲ.

ಬಿಡ್ ಹಾಕುವ ಮುಂಚೆ ನಾನು ನೋಡುವುದು ವಿದ್ಯುತ್ ದರ. ಮನೆಯವರು ಕಟ್ಟುವುದು ಸೋಮ್, ಸಾಲ ತೀರಿಸಬೇಕಾದ್ದು ಡಾಲರ್. 2023ರ ಜನವರಿಯ ಚಳಿಯಲ್ಲಿ ತಾಷ್ಕೆಂಟಿನ ಮನೆಗಳಿಗೆ ಕರೆಂಟೂ ಇಲ್ಲ, ಗ್ಯಾಸೂ ಇಲ್ಲ. ಮರುವರ್ಷ ಮೇ 1ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಒಂದು ಯೂನಿಟ್ಟಿನ ದರ 295 ಸೋಮ್‌ನಿಂದ 450ಕ್ಕೆ ಏರಿತು. ಜನರಿಗೆ ಭಾರ, ನಿಜ. ಬಡ ಮನೆಗಳಿಗೆ ನೆರವು ಕೊಡದೆ ದರ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ದರ ವರ್ಷಗಟ್ಟಲೆ ಕದಲದಿದ್ದರೆ ವಿದ್ಯುತ್ ಕಂಪನಿಯ ಬಳಿ ದುಡ್ಡಿರುವುದಿಲ್ಲ, ಅವರನ್ನು ನಂಬಿದ ಗುತ್ತಿಗೆದಾರನ ಬಿಲ್ಲೂ ನಿಲ್ಲುತ್ತದೆ. ಕೊನೆಗೆ ನಿಮ್ಮದೂ ನಿಲ್ಲುತ್ತದೆ. ಹಾಗಾಗಿ ಯಾವ ಕರೆನ್ಸಿಯಲ್ಲಿ ಪಾವತಿ, ಎಷ್ಟು ದಿನದೊಳಗೆ, ತಡವಾದರೆ ಯಾರು ಹೊಣೆ ಅನ್ನುವುದು ಕರಾರಿನಲ್ಲಿ ಬರುವ ತನಕ ಮುಂಗಡ ಖರ್ಚಿಗೆ ಇಳಿಯಬೇಡಿ. ಆ ಮೂರು ಸಾಲು ಕೈಗೆ ಸಿಕ್ಕ ಮೇಲೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಕೂತು ನೋಡೋಣ.