ನಾಲ್ಕು ವಾದ್ಯ, ಇನ್ನೂರು ಕುರ್ಚಿ: ಚೇಂಬರ್ ಸಂಗೀತೋತ್ಸವಗಳು ಸ್ವಯಂಸೇವಕರ ಕೈಗೆ ಬಂದ ಕಥೆ

ಆಕ್ಸ್‌ಫರ್ಡ್‌ನಲ್ಲಿ ಹಾಲಿವೆಲ್ ಮ್ಯೂಸಿಕ್ ರೂಮ್ ಎಂಬ ಪುಟ್ಟ ಕಟ್ಟಡವಿದೆ. ಅದರ ಬಾಗಿಲು ತೆರೆದದ್ದು 1748ರಲ್ಲಿ. ಸಂಗೀತ ಕಚೇರಿಗೆಂದೇ ಯುರೋಪಿನಲ್ಲಿ ಕಟ್ಟಿದ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ. ಕಟ್ಟಿಸಿದವನು ಯಾವ ರಾಜನೂ ಅಲ್ಲ. ಸಂಗೀತ ಕೇಳುವ ಆಸೆಯಿದ್ದವರೇ ಸೇರಿಕೊಂಡು ಚಂದಾ ಎತ್ತಿ ಕಟ್ಟಿದರು. ಇನ್ನೂರು ಚಿಲ್ಲರೆ ಜನ ಕೂತರೆ ಕೋಣೆ ತುಂಬಿಹೋಗುತ್ತದೆ.

ಈ ಇನ್ನೂರು ಚಿಲ್ಲರೆಯನ್ನು ನೆನಪಿಟ್ಟುಕೊಳ್ಳಿ. ಹಳೆಯ ನಗರಗಳಲ್ಲಿ ನಡೆಯುವ ಸಣ್ಣ ಚೇಂಬರ್ ಸಂಗೀತೋತ್ಸವಗಳ ಕಷ್ಟವೂ ಚೆಲುವೂ ಇರುವುದು ಅದರಲ್ಲೇ. ಇಂಥ ಉತ್ಸವಗಳಲ್ಲಿ ಟಿಕೆಟ್ ನೋಡುವವರು, ಕುರ್ಚಿ ಜೋಡಿಸುವವರು, ಪಿಯಾನೊ ಪಕ್ಕದಲ್ಲಿ ಕೂತು ಹಾಳೆ ತಿರುವುವವರು, ಕಲಾವಿದರನ್ನು ರೈಲು ನಿಲ್ದಾಣದಿಂದ ಕರೆತರುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರೇ. ದುಡ್ಡು ಉಳಿಸಲು ಮಾಡಿಕೊಂಡ ಏರ್ಪಾಡು ಅಂತ ಅನ್ನಿಸಬಹುದು, ಅಲ್ವಾ? ದುಡ್ಡಿನ ಮಾತು ನಿಜ. ಆದರೆ ಕಾರಣ ಅದಕ್ಕಿಂತ ಹಳೆಯದು.

ಚೇಂಬರ್ ಎಂದರೆ ಕೋಣೆ. ಕೋಣೆಯೊಳಗೆ ನುಡಿಸುವ ಸಂಗೀತ ಇದು. ಪ್ರತಿ ಭಾಗಕ್ಕೂ ಒಬ್ಬರೇ ವಾದಕರು, ಕೋಲು ಹಿಡಿದು ನಡೆಸುವ ನಿರ್ದೇಶಕರಿಲ್ಲ. ಎರಡು ವಯೊಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ಆ ನಾಲ್ವರಿಗಾಗಿ ಬರೆದ ಕೃತಿಗೂ ಅದೇ ಹೆಸರು. ಮೊದಮೊದಲು ಇದಕ್ಕೆ ಬೇರೆಯಾಗಿ ಕೇಳುಗರು ಬೇಕು ಅಂತಲೇ ಇರಲಿಲ್ಲ. ನುಡಿಸುವವರ ಸಂತೋಷವೇ ಮುಖ್ಯವಾಗಿತ್ತು. 1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ಹೈಡನ್ ಮೊದಲ ವಯೊಲಿನ್, ಡಿಟರ್ಸ್‌ಡಾರ್ಫ್ ಎರಡನೆಯದು, ಮೊಜಾರ್ಟ್ ವಿಯೋಲಾ, ವಾನ್‌ಹಾಲ್ ಚೆಲ್ಲೊ ಹಿಡಿದು ಕೂತಿದ್ದರು ಎಂದು ಗಾಯಕ ಮೈಕೆಲ್ ಕೆಲ್ಲಿ ಬರೆದಿಟ್ಟಿದ್ದಾನೆ. ನಾಲ್ವರೂ ಸಂಗೀತ ರಚಿಸುವವರು. ತಮ್ಮ ವಾದ್ಯದಲ್ಲಿ ಯಾರೂ ಮಹಾ ಪ್ರವೀಣರಲ್ಲ ಎಂದೂ ಅವನು ಹೇಳುತ್ತಾನೆ. ಆ ಸಂಜೆ ಟಿಕೆಟ್ ಇರಲಿಲ್ಲ. ಕರೆದವರು ಬಂದರು, ಕೇಳಿದರು, ಊಟ ಮಾಡಿ ಹೋದರು.

ಹಾಗಾದರೆ ಹೊಟ್ಟೆಗೆ? ಅದನ್ನು ನೋಡಿಕೊಳ್ಳುತ್ತಿದ್ದದ್ದು ಅರಮನೆ. ಹೈಡನ್ ಎಸ್ಟರ್‌ಹಾಜಿ ಮನೆತನದ ಸಂಬಳದ ಆಳು. 1779ರ ಹೊಸ ಒಪ್ಪಂದ ಬರುವವರೆಗೆ ತನ್ನ ಕೃತಿಗಳನ್ನು ತಾನೇ ಪ್ರಕಾಶಕರಿಗೆ ಮಾರುವ ಹಕ್ಕೂ ಅವನಿಗಿರಲಿಲ್ಲ. ಒಬ್ಬನೇ ಪೋಷಕನನ್ನು ನಂಬಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ರಜುಮೋವ್‌ಸ್ಕಿಯ ಕಥೆ ಸಾಕು. ಅವನು ವಿಯೆನ್ನಾದಲ್ಲಿದ್ದ ರಷ್ಯಾದ ರಾಯಭಾರಿ. ಬೀಥೋವನ್‌ನಿಂದ ಮೂರು ಕ್ವಾರ್ಟೆಟ್ ಬರೆಸಿದ. 1808ರಿಂದ ತನ್ನದೇ ಒಂದು ಕ್ವಾರ್ಟೆಟ್ ತಂಡವನ್ನು ಸಾಕಿದ. 1814ರ ಕೊನೆಯ ರಾತ್ರಿ ಅವನ ಅರಮನೆಗೆ ಬೆಂಕಿ ಬಿತ್ತು. 1816ರ ಹೊತ್ತಿಗೆ ತಂಡ ಚದುರಿತು. ವಾದಕರ ತಪ್ಪೇನೂ ಇರಲಿಲ್ಲ. ಪೋಷಕನ ಮನೆ ಸುಟ್ಟಿತು, ಅಷ್ಟೇ.

ಆ ತಂಡದ ಮುಖ್ಯಸ್ಥ ಶುಪ್ಪಾನ್‌ಜಿಗ್ ಅದಕ್ಕೂ ಮೊದಲೇ ಬೇರೊಂದು ದಾರಿ ಹುಡುಕಿದ್ದ. 1804-05ರ ಚಳಿಗಾಲದಲ್ಲಿ ಚಂದಾದಾರರಿಗಾಗಿ ಕ್ವಾರ್ಟೆಟ್ ಕಚೇರಿಗಳನ್ನು ಏರ್ಪಡಿಸಿದ. ಕೋಣೆಯ ಸಂಗೀತ ಹಣ ಕೊಟ್ಟವರಿಗೆ ತೆರೆದುಕೊಂಡ ಮೊದಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಆದರೂ ಹಿಂಜರಿಕೆ ಹೋಗಿರಲಿಲ್ಲ. 1816ರಲ್ಲಿ ಬೀಥೋವನ್ ತನ್ನ ಎಫ್ ಮೈನರ್ ಕ್ವಾರ್ಟೆಟ್ ಬಗ್ಗೆ ಬರೆದ ಪತ್ರವಿದೆ. ಇದು ತಿಳಿದವರ ಸಣ್ಣ ಗುಂಪಿಗೆ ಬರೆದದ್ದು, ಸಾರ್ವಜನಿಕವಾಗಿ ನುಡಿಸಲೇಬಾರದು ಎನ್ನುತ್ತಾನೆ.

ಮುಂದೆ ಲಂಡನ್ನಿನಲ್ಲಿ ಇದಕ್ಕೆ ಪೂರ್ತಿ ತಿರುವು ಸಿಕ್ಕಿತು. 1859ರಲ್ಲಿ ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಸೋಮವಾರದ ಜನಪ್ರಿಯ ಕಚೇರಿಗಳು ಶುರುವಾದವು. ಒಂದು ಶಿಲಿಂಗ್ ಕೊಟ್ಟರೆ ಒಳಗೆ ಬಿಡುತ್ತಿದ್ದರು. ಆ ಸಭಾಂಗಣ ಎರಡು ಸಾವಿರ ಜನ ಕೂರುವಷ್ಟು ದೊಡ್ಡದು. ಟಿಕೆಟ್ ಅಗ್ಗ ಮಾಡಬೇಕಾದರೆ ಕೋಣೆ ದೊಡ್ಡದಾಗಬೇಕು. ಕೋಣೆ ದೊಡ್ಡದಾದರೆ ಚೆಲ್ಲೊ ತಂತಿಯ ಮೇಲೆ ಬಿಲ್ಲು ತಾಗುವ ಸಣ್ಣ ಸದ್ದು ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಈ ಜಗ್ಗಾಟ ಇವತ್ತಿಗೂ ಬಗೆಹರಿದಿಲ್ಲ.

ಅದೇ ಊರಿನಲ್ಲಿ 1887ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಸೌತ್ ಪ್ಲೇಸ್ ಎಂಬಲ್ಲಿನ ಒಂದು ಪ್ರಾರ್ಥನಾ ಮಂದಿರದಲ್ಲಿ ಭಾನುವಾರದ ಕಚೇರಿಗಳು ಆರಂಭವಾದವು. ದುಡಿಯುವ ಜನಕ್ಕೂ ಒಳ್ಳೆಯ ಸಂಗೀತ ಸಿಗಲಿ ಎಂಬುದು ಉದ್ದೇಶ. ಕಡ್ಡಾಯ ಟಿಕೆಟ್ ಇಲ್ಲ, ಬಂದವರು ಕೈಲಾದಷ್ಟು ಕಾಣಿಕೆ ಹಾಕಿದರಾಯಿತು. ಆಲ್ಫ್ರೆಡ್ ಕ್ಲೆಮೆಂಟ್ಸ್ ಎಂಬಾತ ಗೌರವ ಕಾರ್ಯದರ್ಶಿಯಾಗಿ ಸುಮಾರು 50 ವರ್ಷ ಇದನ್ನು ನಡೆಸಿಕೊಂಡು ಬಂದ. ಪೋಷಕನ ಅರಮನೆ ಇಲ್ಲ, ಎರಡು ಸಾವಿರ ಕುರ್ಚಿಯೂ ಇಲ್ಲ. ಮಧ್ಯದ ಕೊರತೆಯನ್ನು ತುಂಬಿದ್ದು ಜನರ ಸಮಯ.

ಎರಡನೇ ಮಹಾಯುದ್ಧದಲ್ಲಿ ಈ ಬಗೆಯ ಕೆಲಸ ಎಷ್ಟು ದೂರ ಹೋಗಬಹುದು ಎಂಬುದು ಗೊತ್ತಾಯಿತು. 1939ರಲ್ಲಿ ಯುದ್ಧ ಶುರುವಾದಾಗ ಲಂಡನ್ನಿನ ಸಭಾಂಗಣಗಳು ಮುಚ್ಚಿದವು. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನ ಭಯಕ್ಕೆ ಬೇರೆಡೆ ಸಾಗಿಸಿದ್ದರು, ಗೋಡೆಗಳು ಬರಿದಾಗಿದ್ದವು. ಪಿಯಾನೊ ವಾದಕಿ ಮೈರಾ ಹೆಸ್ ಅಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಕಚೇರಿ ನಡೆಸೋಣ ಎಂದರು. ಅಕ್ಟೋಬರ್ 10ರಂದು ಮೊದಲನೆಯದು. ಪ್ರವೇಶಕ್ಕೆ ಒಂದು ಶಿಲಿಂಗ್. ನಿಂತೇ ಕೇಳಿದವರೂ ಇದ್ದರು. ಬಾಂಬ್ ದಾಳಿ ಜೋರಾದಾಗ ಕೆಳಗಿನ ಆಶ್ರಯದ ಕೋಣೆಗೆ ಇಳಿದರು, ಆದರೆ ನಿಲ್ಲಿಸಲಿಲ್ಲ. 1946ರ ಏಪ್ರಿಲ್‌ವರೆಗೆ 1,698 ಕಚೇರಿಗಳಾದವು.

ಒಳಗಿನ ಏರ್ಪಾಡು ನೋಡಿ. ಕೇಳುಗರಿಗೆ ಸ್ಯಾಂಡ್‌ವಿಚ್ ಕೊಡುವ ಕ್ಯಾಂಟೀನನ್ನು ನಡೆಸಿದ್ದು ಸ್ವಯಂಸೇವಕ ಮಹಿಳೆಯರು. ಮೈರಾ ಹೆಸ್ ತಮಗಾಗಿ ಏನನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಬಂದು ನುಡಿಸಿದ ಕಲಾವಿದರಿಗೆ ಹೆಸರು ದೊಡ್ಡದೋ ಚಿಕ್ಕದೋ ನೋಡದೆ ಒಂದೇ ದರದ ಸಂಭಾವನೆ, ಐದು ಗಿನಿ (ಒಂದು ಗಿನಿ ಎಂದರೆ 21 ಶಿಲಿಂಗ್). ಉಳಿದ ಹಣ ಕಷ್ಟದಲ್ಲಿದ್ದ ಸಂಗೀತಗಾರರ ನಿಧಿಗೆ. ಅಂದರೆ ಕುರ್ಚಿ ಎತ್ತುವುದು ಪುಕ್ಕಟೆ ಇರಬಹುದು, ವಯೊಲಿನ್ ನುಡಿಸುವುದು ಪುಕ್ಕಟೆಯಲ್ಲ. ಸ್ವಯಂಸೇವೆಯಿಂದ ನಡೆಯುವ ಪ್ರತಿ ಉತ್ಸವವೂ ಈ ಗೆರೆಯನ್ನು ಸರಿಯಾಗಿ ಎಳೆಯಬೇಕು. ಎಷ್ಟೋ ಕಡೆ ಗಲಾಟೆ ಏಳುವುದು ಇಲ್ಲೇ. 'ನಾವೆಲ್ಲ ಸುಮ್ನೆ ದುಡಿಯುತ್ತಿದ್ದೇವಲ್ಲ, ನೀವೂ ಸ್ವಲ್ಪ ಕಡಿಮೆ ಮಾಡಿಕೊಳ್ಳಿ' ಎಂಬ ಮಾತು ಬರುತ್ತದೆ. ಸ್ವಯಂಸೇವಕರಿಗೆ ಬೇರೆ ಕೆಲಸವೋ ಪಿಂಚಣಿಯೋ ಇರುತ್ತದೆ. ವಾದಕನಿಗೆ ಇದೇ ಅನ್ನ. ವಾದಕರಿಗೆ ಕಡಿಮೆ ಮಾಡಿಕೊಳ್ಳಿ ಎನ್ನುವುದು ತಪ್ಪು ಎಂದೇ ನಾನು ನಂಬುತ್ತೇನೆ.

ಯುದ್ಧದ ನಂತರ ಅನೇಕ ದೇಶಗಳಲ್ಲಿ ಸರ್ಕಾರದ ಅನುದಾನ ಬಂತು, ಜೊತೆಗೆ ಹೊಸ ಉತ್ಸವಗಳೂ ಬಂದವು. 1950ರಲ್ಲಿ ಫ್ರಾನ್ಸಿನ ಪ್ರಾಡ್ ಎಂಬ ಸಣ್ಣ ಊರಿನಲ್ಲಿ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಸುತ್ತ ಒಂದು ಉತ್ಸವ ನೆರೆಯಿತು. 1951ರಲ್ಲಿ ಅಮೆರಿಕದ ಮಾರ್ಲ್‌ಬರೊ ಆರಂಭವಾಯಿತು. 1970ರಲ್ಲಿ ಫಿನ್ಲೆಂಡಿನ ಕುಹ್ಮೊ, 1981ರಲ್ಲಿ ಆಸ್ಟ್ರಿಯಾದ ಲಾಕೆನ್‌ಹೌಸ್. ಲಾಕೆನ್‌ಹೌಸ್ ಕಟ್ಟುವಾಗ ವಯೊಲಿನ್ ವಾದಕ ಗಿಡಾನ್ ಕ್ರೆಮರ್ ಜೊತೆ ನಿಂತವರು ಊರ ಚರ್ಚಿನ ಪಾದ್ರಿ.

ದುಡ್ಡಿನ ಲೆಕ್ಕವನ್ನು 1966ರಲ್ಲಿ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ಬಿಡಿಸಿ ಹೇಳಿದರು. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಒಬ್ಬ ಕೆಲಸಗಾರ ಒಂದು ಗಂಟೆಯಲ್ಲಿ ಮೊದಲಿಗಿಂತ ಹೆಚ್ಚು ಮಾಡುತ್ತಾನೆ, ಕೂಲಿಯೂ ಏರುತ್ತದೆ. ಆದರೆ ಅರ್ಧ ಗಂಟೆಯ ಕ್ವಾರ್ಟೆಟ್‌ಗೆ ಅಂದೂ ನಾಲ್ಕು ಜನ ಬೇಕಿತ್ತು, ಇಂದೂ ನಾಲ್ಕೇ ಜನ, ಅದೇ ಅರ್ಧ ಗಂಟೆ. ಮೂರು ಜನರಲ್ಲಿ ಮುಗಿಸಲು ಬರುವುದಿಲ್ಲ. ಬೇಗ ನುಡಿಸಿ ಉಳಿತಾಯ ಮಾಡಲೂ ಬರುವುದಿಲ್ಲ. ಊರಿನ ಕೂಲಿ ಏರಿದಂತೆ ಇವರ ಖರ್ಚೂ ಏರಲೇಬೇಕು. ಕುರ್ಚಿ ಮಾತ್ರ ಇನ್ನೂರೇ. ಹಾಗಾಗಿ ಟಿಕೆಟ್ ಹಣಕ್ಕೂ ಖರ್ಚಿಗೂ ನಡುವಿನ ಅಂತರ ಆಡಳಿತದ ಸೋಲಲ್ಲ. ಈ ಕಲೆಯ ಸ್ವಭಾವವೇ ಹಾಗಿದೆ.

ಹಳೆಯ ನಗರಗಳು ಈ ಅಂತರವನ್ನು ಸ್ವಲ್ಪ ಕಿರಿದು ಮಾಡುತ್ತವೆ. ಅಲ್ಲಿ ಸಣ್ಣ ಕೋಣೆಗಳು ಈಗಾಗಲೇ ಇವೆ. ಚರ್ಚು, ವರ್ತಕರ ಹಳೆಯ ಸಭಾಗೃಹ, ದೊಡ್ಡ ಮನೆಯ ಪಡಸಾಲೆ, ಗ್ರಂಥಾಲಯ. ಹೊಸದಾಗಿ ಕಟ್ಟಬೇಕಿಲ್ಲ. ಆದರೆ ಈ ಕೋಣೆಗಳು ಸುಲಭದವಲ್ಲ. ಕಲ್ಲಿನ ಚರ್ಚಿನಲ್ಲಿ ಒಂದು ಸ್ವರ ಕೆಲವು ಸೆಕೆಂಡು ತೇಲುತ್ತಲೇ ಇರುತ್ತದೆ. ನಿಧಾನದ ಭಾಗ ಸ್ವರ್ಗ, ವೇಗದ ಭಾಗ ಕಲಸುಮೇಲೋಗರ. ಜನ ತುಂಬಿದಾಗ ಮೈ, ಬಟ್ಟೆಗಳು ಸದ್ದನ್ನು ಹೀರಿ ಸ್ವಲ್ಪ ಸರಿಯಾಗುತ್ತದೆ. ಖಾಲಿ ಚರ್ಚಿನಲ್ಲಿ ಮಧ್ಯಾಹ್ನ ಅಭ್ಯಾಸ ಮಾಡಿದ ತಂಡಕ್ಕೆ ಸಂಜೆ ಬೇರೆಯೇ ಕೋಣೆ ಸಿಕ್ಕಂತೆ ಆಗುತ್ತದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಸವೆದ ಮೆಟ್ಟಿಲ ಮೇಲೆ ಪಿಯಾನೊ ಹತ್ತಿಸಬೇಕು. ತೇವ ಬದಲಾದರೆ ಶ್ರುತಿ ತಪ್ಪುತ್ತದೆ, ಕಚೇರಿಗೆ ಮುಂಚೆ ಮತ್ತೆ ಶ್ರುತಿ ಮಾಡಿಸಬೇಕು.

ಯಾವ ಕಿಟಕಿ ತೆರೆದರೆ ಬೀದಿಯ ಸದ್ದು ಒಳಗೆ ಬರುತ್ತದೆ, ಮುಂದಿನ ಸಾಲನ್ನು ಎಷ್ಟು ಹಿಂದಕ್ಕೆ ತಳ್ಳಿದರೆ ಚೆಲ್ಲೊ ಕೇಳಿಸುತ್ತದೆ, ಹಿಂಬಾಗಿಲ ಕೀಲಿ ಯಾರ ಮನೆಯಲ್ಲಿದೆ ಎಂಬುದು ಹೊರಗಿನ ಸಂಸ್ಥೆಗೆ ಗೊತ್ತಿರುವುದಿಲ್ಲ. ಹತ್ತಾರು ವರ್ಷ ಅಲ್ಲೇ ಕುರ್ಚಿ ಹಾಕಿದವರಿಗೆ ಗೊತ್ತಿರುತ್ತದೆ. ಕಲಾವಿದರು ಇಳಿದುಕೊಳ್ಳುವುದೂ ಎಷ್ಟೋ ಸಲ ಇವರ ಮನೆಗಳಲ್ಲೇ. ಹೋಟೆಲ್ ಖರ್ಚು ಉಳಿಯುತ್ತದೆ. ರಾತ್ರಿ ಆ ಮನೆಯ ಪಡಸಾಲೆಯಲ್ಲಿ ಮರುದಿನದ ಅಭ್ಯಾಸ ನಡೆಯುತ್ತದೆ, ಮನೆಯವರು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಾರೆ. 1784ರ ಆ ಸಂಜೆಗೆ ಇದಕ್ಕಿಂತ ಹತ್ತಿರದ ಸಂಗತಿ ನನಗೆ ಕಾಣುವುದಿಲ್ಲ.

ಈಗಿನ ಚಿಂತೆ ಇರುವುದೂ ಇವರ ಬಗ್ಗೆಯೇ. ಕೀಲಿ ಹಿಡಿದವರಿಗೆ ವಯಸ್ಸಾಗುತ್ತಿದೆ. ಒಬ್ಬರ ತಲೆಯಲ್ಲೇ ಎಲ್ಲ ವಿವರ ಇದ್ದರೆ ಅವರು ಹಾಸಿಗೆ ಹಿಡಿದ ವರ್ಷ ಉತ್ಸವವೂ ಮಲಗುತ್ತದೆ. ರಜುಮೋವ್‌ಸ್ಕಿಯ ಅರಮನೆಗೆ ಬೆಂಕಿ ಬಿದ್ದಾಗ ಆದದ್ದೂ ಇದೇ ಅಲ್ವಾ? ಸೌತ್ ಪ್ಲೇಸ್ ಉಳಿದುಕೊಂಡಿತು. 1929ರಲ್ಲಿ ಕಚೇರಿಗಳು ಕಾನ್ವೇ ಹಾಲ್‌ಗೆ ಬಂದವು. 1938ರಲ್ಲಿ ಕ್ಲೆಮೆಂಟ್ಸ್ ತೀರಿಕೊಂಡ ಮೇಲೆ ಕೆಲಸವನ್ನು ಬೇರೆಯವರು ಕೈಗೆತ್ತಿಕೊಂಡರು. ಭಾನುವಾರದ ಕಚೇರಿ ಅಲ್ಲಿ ಈಗಲೂ ನಡೆಯುತ್ತದೆ.