‘ಸೂರ್ಯ’ನ ಮುಂದೆ ತಡವರಿಸುವ ಮಗು

ಎರಡನೇ ತರಗತಿಯ ಮಗು ‘ಸೂರ್ಯ’ ಎಂಬಲ್ಲಿ ತಡವರಿಸಿದರೆ, ಗದರುವ ಮುನ್ನ ಆ ಪದವನ್ನು ನೀವೇ ಒಮ್ಮೆ ನಿಧಾನವಾಗಿ ನೋಡಿ. ‘ಸೂ’ ಆದ ಮೇಲೆ ಕಣ್ಣಿಗೆ ಬೀಳುವುದು ‘ಯ’, ಅದರ ಬೆನ್ನಿಗೆ ಅರ್ಕಾವತ್ತು. ಬಾಯಲ್ಲಿ ಮಾತ್ರ ‘ರ್’ ಮೊದಲು ಬರಬೇಕು. ಕಣ್ಣು ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿರುವುದನ್ನು ಎತ್ತಿಕೊಂಡು ವಾಪಸು ಬರಬೇಕು. ನಮಗೆ ಇದು ಗೊತ್ತೇ ಆಗುವುದಿಲ್ಲ. ಮಗುವಿಗೆ ಅದು ದೊಂಬರಾಟ.

ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಆದರೆ 34 ವ್ಯಂಜನಗಳಿಗೆ ತಲಾ 15ರಂತೆ ಕಾಗುಣಿತ ಹಾಕಿದರೆ 510 ರೂಪಗಳಾದವು, ಒತ್ತಕ್ಷರದ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ‘ಹಗ್ಗ’ದ ಒತ್ತು ‘ಗ’ದಂತೆಯೇ ಇದೆ, ಸರಿ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಮುಖಚಹರೆಯೇ ಹೊಂದುವುದಿಲ್ಲ. ಪ, ಫ, ಷ ನಡುವೆ ಇರುವುದು ಒಂದು ಗೀಟು. ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಇಂಗ್ಲಿಷ್ ಅಕ್ಷರ ಕಲಿಯುವುದಕ್ಕಿಂತ ಇದಕ್ಕೆ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಮಗು ದಡ್ಡನಲ್ಲ, ಸೋಮಾರಿಯೂ ಅಲ್ಲ.

ತೊಂದರೆ ಇರುವುದು ಬೇರೆ ಕಡೆ. ಏಳು ವರ್ಷದ ಮಗುವಿನ ಕಿವಿಗೆ ಅರ್ಧ ಗಂಟೆಯ ಕಥೆ ದಕ್ಕುತ್ತದೆ, ಕಣ್ಣಿಗೆ ‘ಅಜ್ಜನ ಕೋಲು ಇದು’ ಅಷ್ಟೇ. ಅದನ್ನಷ್ಟೇ ಓದಲು ಕೊಟ್ಟರೆ ಬೇಸರ ಬರದೆ ಏನಾಗುತ್ತದೆ? ‘ಓದಲು ಬಂತಲ್ಲ, ಇನ್ನು ನೀನೇ ಓದಿಕೋ’ ಎಂದು ದೊಡ್ಡವರು ಕೈಬಿಡುವುದು ಸರಿಯಾಗಿ ಈ ಹೊತ್ತಿನಲ್ಲೇ. ನಾಲ್ಕನೇ ತರಗತಿಯವರೆಗಾದರೂ ಓದಿ ಹೇಳುವುದನ್ನು ಬಿಡಬಾರದು. ಪುಸ್ತಕದ ಕನ್ನಡ ಮನೆಯ ಕನ್ನಡವಲ್ಲ ಎಂಬುದು ಇನ್ನೊಂದು ಕಾರಣ. ಮನೆಯಲ್ಲಿ ‘ಹೋಗ್ತಾ ಇದೀನಿ’, ಹುಬ್ಬಳ್ಳಿಯಲ್ಲಿ ‘ಹೊಂಟೀನಿ’, ಪುಟದಲ್ಲಿ ‘ಹೋಗುತ್ತಿದ್ದೇನೆ’. ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ದೂರ ಇನ್ನೂ ಹೆಚ್ಚು. ಪುಟದಲ್ಲಿ ಇರುವಂತೆಯೇ ಓದಿ, ಹರಟೆ ಮಾತ್ರ ಮನೆಮಾತಿನಲ್ಲಿರಲಿ.

ಜೋಡಿ ಓದು ಎಂಬ ಕ್ರಮವಿದೆ, ದಿನಕ್ಕೆ 15 ನಿಮಿಷ ಸಾಕು. ಎದುರಿಗೆ ಕೂರಬೇಡಿ, ಅದು ಪರೀಕ್ಷೆಯಾಗುತ್ತದೆ. ಪಕ್ಕದಲ್ಲಿ ಕೂತು ಇಬ್ಬರೂ ಒಟ್ಟಿಗೆ, ಮಗುವಿನ ವೇಗದಲ್ಲಿ, ಗಟ್ಟಿಯಾಗಿ ಓದಿ. ಸಾಲಿನ ಕೆಳಗೆ ಆಡುವ ಬೆರಳು ಮಗುವಿನದೇ ಆಗಿರಲಿ. ‘ಇನ್ನು ನಾನೇ ಓದುತ್ತೇನೆ’ ಎಂದು ಮಗು ನಿಮ್ಮ ಕೈ ತಟ್ಟಿದಾಗ ನೀವು ಸುಮ್ಮನಾಗಿ, ಮುಂದಿನದನ್ನು ಅದೇ ಓದಲಿ. ಎಲ್ಲಾದರೂ ನಿಂತಿತೋ, ಮನಸ್ಸಿನಲ್ಲೇ ನಾಲ್ಕು ಎಣಿಸಿ. ಆಮೇಲೂ ಬರದಿದ್ದರೆ ಪದವನ್ನು ಹೇಳಿಬಿಡಿ, ಮಗು ಒಮ್ಮೆ ಹೇಳಲಿ, ಮತ್ತೆ ಇಬ್ಬರೂ ಸೇರಿ ಮುಂದಕ್ಕೆ. ‘ಸ ಕೊಂಬಿನಿಳಿ ಸೂ’ ಎಂದು ಬಿಡಿಸಿ ಹೇಳಿಸಲು ಹೋದರೆ, ಪದ ಕೂಡಿಕೊಳ್ಳುವ ಹೊತ್ತಿಗೆ ವಾಕ್ಯದ ತಲೆ ಮರೆತಿರುತ್ತದೆ. ಆ ಗಳಿಗೆಯಲ್ಲಿ ನೆನಪಿನಲ್ಲಿ ಹಿಡಿದಿಡಬಹುದಾದದ್ದೇ ಕೆಲವೇ ತುಣುಕು.

ಉದ್ದ ಪದಗಳಿಗೆ ಮಾತ್ರ ಬೆರಳು ಅಡ್ಡ ಇಡಿ. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದರಲ್ಲಿ ಮೊದಲು ‘ಮನೆಯಲ್ಲಿ’ ಅಷ್ಟೇ ಕಾಣಲಿ, ಆಮೇಲೆ ‘ದ್ದವರಿಗೆ’, ಕೊನೆಗೆ ಉಳಿದದ್ದು. ‘ಇದ್ದವರಿಗೆ’ಯ ‘ಇ’ ಹಿಂದಿನ ‘ಲ್ಲಿ’ಯಲ್ಲಿ ಅಡಗಿ ಕೂತಿದೆ ಎಂದು ತೋರಿಸಿದರೆ ಮಕ್ಕಳಿಗೆ ಅದೊಂದು ಆಟ. ಲೋಪಸಂಧಿ ಎಂಬ ಹೆಸರು ಈಗ ಬೇಡ.

ಪುಟವೊಂದರಲ್ಲಿ ಮೂರು ನಾಲ್ಕು ಕಡೆ ನಿಂತರೆ ಆ ಪುಸ್ತಕ ನೀವು ಓದಿ ಹೇಳುವುದಕ್ಕೆ, ಮಗು ತಾನೇ ಓದುವುದಕ್ಕಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಪುಸ್ತಕಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ತರಗತಿಯ ಲೆಕ್ಕ ಬಿಟ್ಟು ಒಂದನೇ ಹಂತದಿಂದಲೇ ಶುರುಮಾಡಿ. ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಓದಿ. ಕಥೆ ಬಾಯಿಪಾಠವಾದ ಮೇಲೆ ಕಣ್ಣಿಗೆ ಒತ್ತಕ್ಷರ ನೋಡಲು ಪುರುಸೊತ್ತು ಸಿಗುತ್ತದೆ.

ಓದಿದರೆ ಚಾಕೊಲೇಟ್ ಎಂಬ ಆಸೆ ತೋರಿಸಬೇಡಿ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಬಳಿಕ ಆ ಮಕ್ಕಳು ತಾವಾಗಿ ಬಣ್ಣದ ಪೆನ್ನು ಹಿಡಿದ ಹೊತ್ತು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟಿತ್ತು.

ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳುವ ನಮ್ಮ ಹಳೇ ಚಾಳಿಯೂ ಇಂಥದ್ದೇ, ಓದಿನ ಖುಷಿ ಕೆಡಿಸುವಂಥದ್ದು. ಕೇಳಲೇಬೇಕೆನಿಸಿದರೆ ಕಥೆಯ ನಡುವೆ, ಪುಟ ಮಗುಚುವ ಮುನ್ನ, ‘ಈಗ ನರಿ ಏನು ಮಾಡಬಹುದು?’ ಎಂದು ಕೇಳಿ ನಿಲ್ಲಿ. ಪುಟ ಮಗುಚುವುದು ಮಗುವಿನ ಕೆಲಸ.