ಬಿರುಕನ್ನು ಎಳೆದು ಮುಚ್ಚುವ ತಂತಿ ನಮ್ಮ ತಾರಸಿಗೆ ಆಗುತ್ತಾ?

ಪ್ರಶ್ನೆ: ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ತಂತಿಯ ತುಂಡುಗಳನ್ನು ಕಾಂಕ್ರೀಟಿಗೆ ಬೆರೆಸಿದರೆ ಬಿರುಕು ಮುಚ್ಚಿಕೊಳ್ಳುತ್ತದಂತೆ. ನಿಜವೇ? ನಮ್ಮ ಮನೆ ಮೋಲ್ಡ್‌ನಲ್ಲಿ ಬಿದ್ದಿರುವ ಬಿರುಕಿಗೆ ಬಳಸಬಹುದೇ?

ಉತ್ತರ: ನಿಜ. ಆದರೆ ನಿಮ್ಮ ಮೋಲ್ಡ್‌ಗೆ ಈಗ ಆಗುವುದಿಲ್ಲ. ಈ ತುಂಡುಗಳನ್ನು ಕಾಂಕ್ರೀಟ್ ಕಲಸುವಾಗಲೇ ಸೇರಿಸಬೇಕು.

ತಂತಿ ಹೆಚ್ಚಾಗಿ ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್. 1960ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. ಹಲ್ಲಿನ ಕ್ಲಿಪ್‌ಗೆ ಹಾಕುವ ತಂತಿಯಲ್ಲೂ ಈ ಲೋಹ ಇರುತ್ತದೆ. ತಣ್ಣಗಿರುವಾಗ ಎಳೆದರೆ ಅದರೊಳಗಿನ ಪರಮಾಣುಗಳ ಸಾಲು ವಾಲಿಕೊಂಡು ತಂತಿ ಉದ್ದವಾಗುತ್ತದೆ. ಬಿಸಿ ತಾಗಿದರೆ ಸಾಲು ಮತ್ತೆ ನೆಟ್ಟಗಾಗುತ್ತದೆ, ತಂತಿ ಮೊದಲಿನಷ್ಟೇ ಆಗುತ್ತದೆ. ಶೇಕಡ 6ರಿಂದ 8ರಷ್ಟು ಎಳೆದರೂ ವಾಪಸ್ ಬರಬಲ್ಲದು. ಮಾಮೂಲಿ ಕಬ್ಬಿಣವನ್ನು ಅಷ್ಟು ಎಳೆದರೆ ಹಾಗೇ ಉಳಿದುಬಿಡುತ್ತದೆ.

ಈಗ ಒಂದು ಲೆಕ್ಕ ನೋಡಿ. ಕಲಸುವ ಮೊದಲೇ ಶೇಕಡ 4ರಷ್ಟು ಎಳೆದಿಟ್ಟ 30 ಮಿ.ಮೀ. ತುಂಡು ಬಿಸಿ ತಾಗಿ ತಡೆಯಿಲ್ಲದೆ ಕುಗ್ಗಿದರೆ 1 ಮಿ.ಮೀ.ಗಿಂತ ತುಸು ಜಾಸ್ತಿ ಕುಗ್ಗುತ್ತದೆ. ನಾವು ಮುಚ್ಚಬೇಕಾದ ಬಿರುಕು ಅದಕ್ಕಿಂತ ಸಣ್ಣದೇ. ತೊಂದರೆ ಇರುವುದು ಹಿಡಿತದಲ್ಲಿ. ನಿಟಿನಾಲ್ ನುಣುಪು, ಸಿಮೆಂಟಿನಿಂದ ಸುಲಭವಾಗಿ ಜಾರಿ ಬರುತ್ತದೆ. ಉದ್ದಕ್ಕೂ ಗಟ್ಟಿಯಾಗಿ ಕಚ್ಚಿಕೊಂಡರೂ ಕಷ್ಟ. ಆಗ ಬಿರುಕಿನ ಪಕ್ಕದ ಚೂರು ಭಾಗ ಮಾತ್ರ ಎಳೆಯುತ್ತದೆ, ಉಳಿದದ್ದು ಸುಮ್ನೆ ಇರುತ್ತದೆ. ಹಾಗಾಗಿ ಎರಡೂ ತುದಿಗಳನ್ನು ನಾಯಿಗೆ ಹಾಕುವ ಮೂಳೆಯ ಹಾಗೆ ದಪ್ಪ ಮಾಡುತ್ತಾರೆ. ತುದಿ ಸಿಕ್ಕಿಕೊಳ್ಳುತ್ತದೆ, ನಡುವಿನ ಭಾಗ ಪೂರ್ತಿ ಕುಗ್ಗಿ ಬಿರುಕಿನ ಎರಡು ಅಂಚನ್ನೂ ಹತ್ತಿರ ತರುತ್ತದೆ. ಇಡೀ ವಿದ್ಯೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಬಿಸಿ ಕೊಡುವುದೂ ಸುಲಭವಲ್ಲ. ಉದ್ದ ತಂತಿಯಾದರೆ ಕರೆಂಟ್ ಹರಿಸಬಹುದು. ಚದುರಿದ ತುಂಡುಗಳಿಗೆ ಹೊರಗಿನಿಂದಲೇ ಬಿಸಿ ಮುಟ್ಟಿಸಬೇಕು. ಅತಿಯಾದರೆ ಕಾಂಕ್ರೀಟಿಗೇ ಏಟು. ಇನ್ನೊಂದು, ಕೆಲವು ನಿಟಿನಾಲ್ ಮತ್ತೆ ತಣ್ಣಗಾದಾಗ ಬಿಗಿ ಕಳೆದುಕೊಳ್ಳುತ್ತದೆ. ನಯೋಬಿಯಂ ಎಂಬ ಲೋಹ ಸೇರಿಸಿದ ಬಗೆ ಆ ಬಿಗಿಯನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ.

ಇಷ್ಟೆಲ್ಲ ಆದರೂ ತಂತಿ ಬಿರುಕನ್ನು ಎಳೆದು ಹಿಡಿಯುತ್ತದೆಯೇ ಹೊರತು ಅಂಟಿಸುವುದಿಲ್ಲ. ಆದರೆ ಬಿರುಕು ಕೂದಲೆಳೆಯಷ್ಟಾದರೆ, ನೀರು ಸಿಕ್ಕರೆ, ಒಳಗೆ ಉಳಿದ ಸಿಮೆಂಟ್ ಮತ್ತು ಸುಣ್ಣ ಸೇರಿ ಅದನ್ನು ತುಂಬಬಲ್ಲವು. ತಂತಿ ದಾರಿ ಮಾಡಿಕೊಡುತ್ತದೆ ಅಷ್ಟೇ.

ಬೆಲೆಯಂತೂ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು. ಆದ್ದರಿಂದ ಈ ಲೋಹಕ್ಕೆ ತಕ್ಕ ಜಾಗ ಮನೆಯ ತಾರಸಿಯಲ್ಲ, ಭೂಕಂಪದ ಊರಿನ ಸೇತುವೆ ಎನ್ನುತ್ತೇನೆ. ಅಮೆರಿಕದ ಸಿಯಾಟಲ್‌ನಲ್ಲಿ 2019ರಲ್ಲಿ ತೆರೆದ ಒಂದು ಹೆದ್ದಾರಿ ರ‍್ಯಾಂಪಿನ ಕಂಬಗಳಲ್ಲಿ ನಿಟಿನಾಲ್ ಸರಳುಗಳಿವೆ. ಅವು ಬಿಸಿ ಬೇಡದ ಬಗೆ. ನೆಲ ಅಲುಗಿ ಕಂಬ ಬಾಗಿದರೆ, ಅಲುಗಾಟ ನಿಂತ ಮೇಲೆ ತಾವೇ ಹಿಂದಕ್ಕೆ ಎಳೆಯುತ್ತವೆ. ಹಳೆಯ ಕಟ್ಟಡಗಳನ್ನು ಬಿಗಿಗೊಳಿಸಲು ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆ ಕಬ್ಬಿಣ, ಮ್ಯಾಂಗನೀಸ್, ಸಿಲಿಕಾನ್ ಬೆರೆತ ಇನ್ನೊಂದು ಬಗೆಯನ್ನು ರೂಪಿಸಿದೆ. ನಿಟಿನಾಲ್‌ಗಿಂತ ಅದು ಅಗ್ಗ.

ನಿಮ್ಮ ಮೋಲ್ಡ್‌ನ ವಿಷಯಕ್ಕೆ ಬರೋಣ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ, ಅಗಲವನ್ನೂ ಅಳೆದಿಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ, ಅಥವಾ ಅಗಲ 0.3 ಮಿ.ಮೀ. ಮೀರಿದ್ದರೆ, ಮೇಸ್ತ್ರಿಯ ಮಾತಿಗೆ ಬಿಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಸಾಮಾನ್ಯ ಆರ್‌ಸಿಸಿಗೆ (ಸರಳು ಹಾಕಿದ ಕಾಂಕ್ರೀಟಿಗೆ) ನಮ್ಮ ದೇಶದ ಕಾಂಕ್ರೀಟ್ ಮಾನದಂಡ ಐಎಸ್ 456 ಇಟ್ಟಿರುವ ಮಿತಿಯೇ 0.3, ಸದಾ ತೇವ ಇರುವ ಕಡೆ 0.2. ಬೆಳೆಯದೆ ನಿಂತ ಬಿರುಕಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿಸಬಹುದು. ಬಿಸಿಲಿಗೆ ಹಿಗ್ಗಿ ಕುಗ್ಗುವ ಬಿರುಕಿಗೆ ಎಪಾಕ್ಸಿ ಬೇಡ, ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಅಲ್ಲಿಗೆ ರಬ್ಬರಿನಂತೆ ಎಳೆದುಕೊಳ್ಳುವ ಸೀಲೆಂಟ್ ಹಾಕಿಸಿ.